ಗ್ರಹಣಕ್ಕೂ ಸೀಳುತುಟಿಗೂ ಸಂಬಂಧವಿಲ್ಲ

(ಮಾನ್ವಿಯಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ವೈದ್ಯನಲ್ಲ, ಕಾಲುವೆ ಕೆಲಸದಲ್ಲಿ ಆಯುಷ್ಯ ಕಳೆದ ಎಂಜಿನಿಯರ್. ಸೀಳುತುಟಿಯ ವಿಷಯ ಇವನಿಗ್ಯಾಕೆ ಎಂದು ನೀವು ಕೇಳಬಹುದು. ಇದು ನಮ್ಮ ಮನೆಯಲ್ಲೇ ನಡೆದದ್ದು. ಅಕ್ಕನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣ ನಮ್ಮ ಸೀಮೆಯ ಮೇಲೆಯೇ ಹಾದುಹೋಯಿತು. ಹಿರಿಯರಿಗೆ ನೆನಪಿರಬೇಕು. ಅದನ್ನು ನೋಡಲು ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನಿಂದ ಸಿಂಧನೂರು ತಾಲೂಕಿನ ಜವಳಗೇರಾಕ್ಕೆ ಬಂದು ಉಪಕರಣ ಹೂಡಿದ್ದರು. ಅವರು ಅಷ್ಟು ದೂರದಿಂದ ನೋಡಲು ಬಂದರು, ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತೆವು.

ಅಕ್ಕ ಆಗ ಬಸುರಿ. ಆ ಮಧ್ಯಾಹ್ನ ಮರೆತು ಈಳಿಗೆ ಮುಟ್ಟಿ ನಾಲ್ಕು ಬದನೆಕಾಯಿ ಹೆಚ್ಚಿದ್ದಳಂತೆ. ಜುಲೈ ಕೊನೆಗೆ ದಿನ ತುಂಬಿ ಗಂಡು ಕೂಸು ಹುಟ್ಟಿತು. ಮೇಲ್ದುಟಿ ಸೀಳಿತ್ತು, ಒಳಗೆ ಅಂಗುಳವೂ ಕೂಡಿರಲಿಲ್ಲ. "ಗ್ರಹಣದಾಗ ಈಳಿಗಿ ಹಿಡದು ಕೂಸಿನ ತುಟಿ ತಾನೇ ಕೊಯ್ದಳು" ಎಂದು ಅವಳ ಅತ್ತೆ ಬಂದವರಿಗೆಲ್ಲ ಹೇಳಿದರು. ಕೂಸಿಗೆ ಹಾಲು ಚೀಪಲು ಆಗುತ್ತಿರಲಿಲ್ಲ, ಕುಡಿಸಿದ್ದು ಮೂಗಿನಿಂದ ಬರುತ್ತಿತ್ತು. ಯಾರ ಕಣ್ಣಿಗೂ ಬೀಳದಂತೆ ಒಳಕೋಣೆಯಲ್ಲೇ ಇಟ್ಟರು. ಮೂರನೇ ತಿಂಗಳಲ್ಲಿ ಕೂಸು ತೀರಿಕೊಂಡಿತು. ನಾನು ಆಗ ಎಂಜಿನಿಯರಿಂಗ್ ಓದುತ್ತಿದ್ದೆ. ಒಂದು ಮಾತು ಆಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಮೂಗಿನ ಕೆಳಗೆ ಬೆರಳಿಟ್ಟು ನೋಡಿ. ನಡುವೆ ಒಂದು ಸಣ್ಣ ತಗ್ಗು, ಎರಡೂ ಕಡೆ ಸಣ್ಣ ಏಣು ಸಿಗುತ್ತವೆ. ಅವು ಬೆಸುಗೆಯ ಗುರುತು. ಗರ್ಭದಲ್ಲಿ ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಬಾಯಿಯ ಸುತ್ತ ಐದು ಉಬ್ಬುಗಳು ಮೂಡಿ, ಬೆಳೆಯುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎರಡೂ ಕಡೆಯಿಂದ ಕಟ್ಟುತ್ತ ಬಂದ ಏರಿ ನಡುವೆ ಕೂಡದೆ ಉಳಿದರೆ ಹೇಗೋ ಹಾಗೆ ಸೀಳುತುಟಿ. ತುಟಿಯ ಈ ಕೆಲಸ ಗರ್ಭ ನಿಂತ ಸುಮಾರು ಏಳನೇ ವಾರಕ್ಕೆ ಮುಗಿಯುತ್ತದೆ, ಅಂಗುಳದ್ದು ಹನ್ನೆರಡನೇ ವಾರಕ್ಕೆ.

ಜುಲೈ ಕೊನೆಗೆ ಹುಟ್ಟಿದ ಕೂಸು ಎಂದರೆ ಗರ್ಭ ನಿಂತದ್ದು ನವೆಂಬರ್ ಮೊದಲ ವಾರ. ತುಟಿ ಕೂಡಬೇಕಾದದ್ದು ಡಿಸೆಂಬರಿನಲ್ಲೇ. ಗ್ರಹಣ ಬಂದದ್ದು ಅದಾದ ಎಂಟು ವಾರಕ್ಕೆ! ಅಂಗುಳದ ಗಡುವೂ ಜನವರಿಗೇ ಮುಗಿದಿತ್ತು. ಅಕ್ಕ ಈಳಿಗೆ ಹಿಡಿದಾಗ ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ಇನ್ನೊಂದು ಲೆಕ್ಕ. ಸುಮಾರು 700 ಹೆರಿಗೆಗೆ ಒಂದು ಕೂಸಿಗೆ ಈ ದೋಷ ಇರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. ಗ್ರಹಣವಿದ್ದ ವರ್ಷವೂ ಅಷ್ಟೇ, ಇಲ್ಲದ ವರ್ಷವೂ ಅಷ್ಟೇ. ವಂಶವಾಹಿ ಒಂದು ಕಾರಣ. ಬಸುರಿ ತಂಬಾಕು ಸೇವಿಸುವುದು, ಮೂರ್ಛೆರೋಗದ ಕೆಲವು ಮಾತ್ರೆಗಳು ಇತರ ಕಾರಣಗಳು. ಹಾಗೆಂದು ಮೂರ್ಛೆಯ ಮಾತ್ರೆಯನ್ನು ತಾವಾಗಿ ಯಾರೂ ಬಿಡಬಾರದು, ವೈದ್ಯರನ್ನು ಕೇಳಬೇಕು. ಎಷ್ಟೋ ಸಲ ಇದೇ ಕಾರಣ ಎಂದು ತೋರಿಸಲು ಬರುವುದೇ ಇಲ್ಲ. ತಾಯಿಯನ್ನು ದೂರುವುದಕ್ಕಂತೂ ಕಾರಣವಿಲ್ಲ.

ಈ ನಂಬಿಕೆ ನಮ್ಮದೊಂದೇ ಅಲ್ಲ. ದೂರದ ಮೆಕ್ಸಿಕೋದಲ್ಲೂ ಗ್ರಹಣ ಕೂಸಿನ ತುಟಿ ಕಚ್ಚುತ್ತದೆಂದು ಬಸುರಿಯರು ಲೋಹದ ಪಿನ್ನು, ಕೀಲಿಕೈ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಲೋಹ ಕಾಯುತ್ತದೆ, ಇಲ್ಲಿ ಲೋಹ ಕೊಯ್ಯುತ್ತದೆ! ಆದರೆ ಸೂತಕಗಳನ್ನೇ ಅಲ್ಲಗಳೆದ ಶರಣರ ಹೆಸರು ಹೇಳುವ ನಾವು? ಮೈಮೇಲೆ ಲಿಂಗ ಕಟ್ಟಿಕೊಂಡು ಪಂಚಾಂಗ ನೋಡಿ ಬಾಗಿಲು ಹಾಕುತ್ತೇವೆ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಬಸವಣ್ಣನವರು ಬಾಳಿದ ಕಲ್ಯಾಣ ಅಲ್ಲಿಂದ ಬಹಳ ದೂರವೇನಿಲ್ಲ.

ಕೂಸು ಹೀಗೆ ಹುಟ್ಟಿದರೆ ಮುಚ್ಚಿಡಬೇಡಿ. ಮೊದಲ ಕೆಲಸ ಹೊಟ್ಟೆ ತುಂಬಿಸುವುದು. ಎದೆಹಾಲು ಹಿಂಡಿ ತೆಗೆದು, ಕೂಸಿನ ತಲೆ ಮೇಲಿರುವಂತೆ ಎತ್ತಿ ಹಿಡಿದು, ಚಮಚದಿಂದ ಸ್ವಲ್ಪ ಸ್ವಲ್ಪ ಕುಡಿಸಬೇಕು. ನಮ್ಮ ಕೂಸಿಗೆ ಇದನ್ನು ಮಾಡುವವರಿರಲಿಲ್ಲ. ಮೂರು ತಿಂಗಳ ಹೊತ್ತಿಗೆ, ತೂಕ ಸುಮಾರು ನಾಲ್ಕೂವರೆ ಕಿಲೋ ಮತ್ತು ಹಿಮೋಗ್ಲೋಬಿನ್ 10 ಇದ್ದರೆ ತುಟಿಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅಂಗುಳಕ್ಕೆ ಒಂಬತ್ತರಿಂದ ಹದಿನೆಂಟು ತಿಂಗಳು. ಮಾತು ಕಲಿಯುವ ಮೊದಲೇ ಅಂಗುಳ ಕೂಡಿಸಬೇಕು. ತಡವಾದರೆ ಮಾತು ಮೂಗಿನಲ್ಲೇ ಉಳಿದುಬಿಡುತ್ತದೆ, ಶಾಲೆಯಲ್ಲಿ ಹುಡುಗರು ಅಣಕಿಸುತ್ತಾರೆ. ಹೆಣ್ಣುಮಕ್ಕಳ ಗತಿಯನ್ನು ನಾನು ಹೇಳಬೇಕಿಲ್ಲ.

ಖರ್ಚಿಗೆ ಹೆದರಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ ಸೇರಿದೆ. ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಯಲ್ಲಿ ತಿಳಿಸಿದರೆ ಸಾಕು. ಧಾರವಾಡದ ಸತ್ತೂರಿನ ಎಸ್.ಡಿ.ಎಂ. ದಂತ ಮಹಾವಿದ್ಯಾಲಯದಲ್ಲಿ ಇದಕ್ಕೆಂದೇ ವಿಭಾಗವಿದೆ. ಹೊಸದಾಗಿ ಮದುವೆಯಾದವರಿಗೆ ಇನ್ನೊಂದು ಮಾತು. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಿ. ಬೆನ್ನುಹುರಿಯ ದೋಷಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ, ತುಟಿಗೂ ನೆರವಾದೀತು. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ತುಟಿಯ ಕೆಲಸ ಮುಗಿದಿರುತ್ತದೆ.

ಕಳೆದ ವರ್ಷ ಈ ತಿಂಗಳು, ವಾರಗಳ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅಕ್ಕನಿಗೆ ತೋರಿಸಿದೆ. ಎರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ, "ಇದನ್ನ ಆಗ ಯಾಕ ಹೇಳಲಿಲ್ಲ ತಮ್ಮಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಇವತ್ತು ಇಲ್ಲಿ ನಿಂತೆ.