ಮಗುವಿನ ಕಣ್ಣಿನ ಫೋಟೋ



ಕಾರ್ಡ್ ರಸ್ತೆ ನಿಮಗೆಲ್ಲ ಗೊತ್ತು. ಇಸ್ಕಾನ್ ದೇವಸ್ಥಾನಕ್ಕೆ ಹೋಗೋದು ಅದೇ ರಸ್ತೆಯಲ್ಲಿ. ಅಲ್ಲೇ ರಾಜಾಜಿನಗರದಲ್ಲಿ ನಾರಾಯಣ ನೇತ್ರಾಲಯ ಅನ್ನೋ ಕಣ್ಣಿನ ಆಸ್ಪತ್ರೆ ಇದೆ. ಅಣ್ಣಾವ್ರು ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡರು. ಮಗ ಪುನೀತ್ 2021ರಲ್ಲಿ ತೀರಿಕೊಂಡರು. ಇಬ್ಬರ ಕಣ್ಣುಗಳನ್ನೂ ದಾನ ಪಡೆದದ್ದು ಈ ಆಸ್ಪತ್ರೆಯವರೇ. ಇದು ಎಲ್ಲರಿಗೂ ಗೊತ್ತು. ಅವರ ಇನ್ನೊಂದು ಕೆಲಸ ನಮಗೆ ಗೊತ್ತಿರಲಿಲ್ಲ. ನಮ್ಮ ತರಗತಿಗೆ ಬರುವ ಒಬ್ಬ ತಾಯಿಯಿಂದ ತಿಳಿಯಿತು. ಆಕೆ ಒಪ್ಪಿದ್ದರಿಂದ ಆ ಕಥೆ ಹೇಳ್ತೀವಿ. ಹೆಸರು ಬೇಡ.

ಆಕೆಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಹೆರಿಗೆಗೆ ತವರಿಗೆ ಹೋದರು. ಏಳೂವರೆ ತಿಂಗಳಿಗೇ ಹೆರಿಗೆ ಆಯಿತು. ಮಗು ಒಂದು ಕಿಲೋ ನಾನೂರು ಗ್ರಾಂ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಆಮ್ಲಜನಕ ಕೊಟ್ಟರು. ಮಗು ಉಳಿಯಿತು. ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು. ಅದರಲ್ಲಿ ‘ಕಣ್ಣಿನ ತಪಾಸಣೆ’ ಅಂತ ಬರೆದು ತಾರೀಖು ಹಾಕಿತ್ತು. ಯಾರೂ ಓದಿ ಹೇಳಲಿಲ್ಲ. ಆಕೆಗೆ ಆಗ ಓದಲು ಬರುತ್ತಿರಲಿಲ್ಲ. ಚೀಟಿ ಪ್ಲಾಸ್ಟಿಕ್ ಕವರಿಗೆ ಹೋಯಿತು. ಕವರ್ ಟ್ರಂಕಿಗೆ ಹೋಯಿತು.

ಹಸಿ ಬಾಣಂತಿ, ಗಾಳಿಗೆ ಹೋಗಬಾರದು ಅಂತ ಹಿರಿಯರು ಹೊಸ್ತಿಲು ದಾಟಿಸಲಿಲ್ಲ. ಮಗುವಿನ ಕಣ್ಣು ಕೆಂಪಾಗಿರಲಿಲ್ಲ. ನೀರು ಸುರಿಯುತ್ತಿರಲಿಲ್ಲ. ನೋಡಿದವರೆಲ್ಲ ಎಷ್ಟು ಚಂದದ ಕಣ್ಣು ಅಂದರು. ಮೂರು ತಿಂಗಳಾದರೂ ಮಗು ದೀಪದ ಕಡೆ ತಿರುಗಲಿಲ್ಲ. ಆಮೇಲೆ ಓಡಿದರು. ಒಂದು ಕಣ್ಣು ಹೋಗಿತ್ತು. ಇನ್ನೊಂದರಲ್ಲಿ ಸ್ವಲ್ಪ ಉಳಿದಿತ್ತು.

ಆಕೆ ಅಕ್ಷರ ಕಲಿತ ಮೇಲೆ ಟ್ರಂಕಿನಿಂದ ತೆಗೆದು ಓದಿದ್ದು ಆ ಚೀಟಿಯನ್ನೇ. ಓದಿ ನಮಗೂ ತೋರಿಸಿದರು. ಏನು ಹೇಳಬೇಕೋ ನಮಗೆ ತಿಳಿಯಲಿಲ್ಲ.

ಈ ಕಾಯಿಲೆಗೆ ಆರ್.ಓ.ಪಿ. ಅಂತಾರೆ. ಕಣ್ಣಿನ ಒಳಗೆ ಹಿಂಭಾಗದಲ್ಲಿ ಒಂದು ತೆಳು ಪರದೆ ಇದೆ. ಟೆಂಟ್ ಸಿನಿಮಾದ ಪರದೆ ಇದ್ದ ಹಾಗೆ. ನೋಡಿದ್ದು ಅದರ ಮೇಲೆ ಮೂಡುತ್ತೆ. ಆ ಪರದೆಗೆ ರಕ್ತ ಕೊಡುವ ಸಣ್ಣ ನಾಳಗಳು ಬೆಳೆದು ಮುಗಿಯೋದಕ್ಕೆ ಒಂಬತ್ತು ತಿಂಗಳು ಬೇಕು. ಮಗು ಬೇಗ ಹುಟ್ಟಿದರೆ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತೆ. ಆಮೇಲೆ ಕೆಲವು ಮಕ್ಕಳಲ್ಲಿ ನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. ಪರದೆಯನ್ನು ಎಳೆದು ಕಿತ್ತುಬಿಡುತ್ತವೆ. ಆಮ್ಲಜನಕ ಹೆಚ್ಚಾದರೂ ತೊಂದರೆ. ಹಾಗಂತ ಆಮ್ಲಜನಕ ಬೇಡ ಅನ್ನಬೇಡಿ. ಮಗುವಿನ ಜೀವ ಉಳಿಸೋದು ಅದೇ. ಸ್ಟೀವಿ ವಂಡರ್ ಅಂತ ಅಮೆರಿಕದಲ್ಲಿ ದೊಡ್ಡ ಹಾಡುಗಾರರು ಇದ್ದಾರೆ. 1950ರಲ್ಲಿ ದಿನ ತುಂಬದೆ ಹುಟ್ಟಿದರು. ಅವರ ಕಣ್ಣು ಹೋದದ್ದು ಇದೇ ಕಾಯಿಲೆಯಿಂದ.

ಈಗ ಇದಕ್ಕೆ ಚಿಕಿತ್ಸೆ ಇದೆ. ಲೇಸರ್ ಬೆಳಕು ಹಾಯಿಸಿ ತಡೆಯುತ್ತಾರೆ. ಆದರೆ ಬೇಗ ಗೊತ್ತಾಗಬೇಕು. ಇದನ್ನು ಗುರುತಿಸುವ ಡಾಕ್ಟರು ಬಹಳ ಕಡಿಮೆ. ಹಳ್ಳಿಯ ಕಡೆ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ನಾರಾಯಣ ನೇತ್ರಾಲಯದ ಡಾಕ್ಟರ್ ಆನಂದ್ ವಿನೇಕರ್ ಅವರು 2008ರಲ್ಲಿ ಒಂದು ದಾರಿ ಹಿಡಿದರು. ಹೆಸರು ಕಿಡ್‌ರಾಪ್. ಡಾಕ್ಟರ ಬದಲು ಕ್ಯಾಮೆರಾವನ್ನು ಕಳಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ತಗೊಂಡು ಜಿಲ್ಲೆಗಳ ಆಸ್ಪತ್ರೆಗೆ ಹೋಗುತ್ತಾರೆ. ಮಗುವಿನ ಕಣ್ಣಿಗೆ ಹನಿ ಹಾಕಿ ಒಳಗಿನ ಪರದೆಯ ಫೋಟೋ ತೆಗೆಯುತ್ತಾರೆ. ಫೋಟೋ ಇಂಟರ್‌ನೆಟ್‌ನಲ್ಲಿ ಬೆಂಗಳೂರಿಗೆ ಬರುತ್ತೆ. ಡಾಕ್ಟರು ತಮ್ಮ ಫೋನಿನಲ್ಲೇ ನೋಡಿ ವರದಿ ಬರೆಯುತ್ತಾರೆ. ಸಿಗ್ನಲ್ ದೀಪದ ಹಾಗೆ ಬಣ್ಣವೂ ಇದೆ. ಕೆಂಪು ಅಂದರೆ ಕೂಡಲೇ ಚಿಕಿತ್ಸೆ. ಕಿತ್ತಳೆ ಅಂದರೆ ಮತ್ತೆ ಬನ್ನಿ. ಹಸಿರು ಅಂದರೆ ಭಯವಿಲ್ಲ. ಆಮೇಲೆ ಸರ್ಕಾರವೂ ಕೈ ಜೋಡಿಸಿತು. ಕೆಲಸ ಉತ್ತರ ಕರ್ನಾಟಕಕ್ಕೂ ಹೋಯಿತು.

ಫೋಟೋ ತೆಗೆಯುವಾಗ ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ಪು ಹಾಕುತ್ತಾರೆ. ಮಗು ಜೋರಾಗಿ ಅಳುತ್ತೆ. ನೋಡಿದರೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತೆ, ನಿಜ. ಆದರೆ ನೋವು ತಿಳಿಯದ ಹಾಗೆ ಮೊದಲೇ ಹನಿ ಹಾಕಿರುತ್ತಾರೆ. ಸ್ವಲ್ಪ ಹೊತ್ತಿನ ಕೆಲಸ. ಎಷ್ಟೋ ಜನ ಒಂದು ಸಲ ಅಳು ನೋಡಿ ಮತ್ತೆ ಹೋಗೋದೇ ಇಲ್ಲ. ಅದು ತಪ್ಪು. ನಾಳಗಳು ಪೂರ್ತಿ ಬೆಳೆಯುವ ತನಕ ಮತ್ತೆ ಮತ್ತೆ ನೋಡಬೇಕು. ಕಿತ್ತಳೆ ಅಂದವರು ಮುಂದಿನ ವಾರ ಕೆಂಪು ಅನ್ನಬಹುದು.

ಕ್ಯಾಮೆರಾ ಬಂತು, ಫೋನ್ ಬಂತು. ಆದರೆ ಆ ದಿನ ಮಗು ಅಲ್ಲಿ ಇರಬೇಕಲ್ಲ? ಅಲ್ಲಿ ನಿಮ್ಮ ಓದು ಬೇಕು. ಮಗುವಿನ ಚೀಟಿ ತೆಗೆದು ನೋಡಿ. ತೂಕ ಬರೆದಿರುತ್ತಾರೆ. ಗ್ರಾಂನಲ್ಲಿ ಬರೆದಿದ್ದರೆ 2000ಕ್ಕಿಂತ ಕಡಿಮೆಯೋ ನೋಡಿ. ಕಿಲೋದಲ್ಲಿ 1.4 ಅಂತ ಬರೆದಿದ್ದರೆ ಒಂದು ಕಿಲೋ ನಾನೂರು ಗ್ರಾಂ ಅಂತ ಅರ್ಥ. ಚುಕ್ಕಿ ಮರೆತು ಹದಿನಾಲ್ಕು ಅಂತ ಓದಬೇಡಿ! ಎಷ್ಟು ವಾರಕ್ಕೆ ಹುಟ್ಟಿತು ಅಂತಲೂ ಬರೆದಿರುತ್ತಾರೆ. ತೂಕ 2000 ಗ್ರಾಂಗಿಂತ ಕಡಿಮೆ ಇದ್ದರೂ ಸರಿ, 34 ವಾರಕ್ಕಿಂತ ಮುಂಚೆ ಹುಟ್ಟಿದ್ದರೂ ಸರಿ, 30 ದಿನದೊಳಗೆ ಕಣ್ಣು ನೋಡಿಸಲೇಬೇಕು. 1200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು ಮೂರು ವಾರಕ್ಕೇ ನೋಡಿಸಬೇಕು. ಇಲ್ಲಿ ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆದರೂ ಅಷ್ಟೇ. ಅವರು ಹೇಳದಿದ್ದರೆ ನೀವೇ ಕೇಳಿ.

30 ದಿನ ಅಂದರೆ ಸರಿಯಾಗಿ ಬಾಣಂತನದ ದಿನ. ಅತ್ತೆ ಬೇಡ ಅಂತಾರೆ, ತಾಯಿ ಬೇಡ ಅಂತಾರೆ. ಅವರದೂ ಕಾಳಜಿಯೇ. ಜಗಳ ಬೇಡ. ಚೀಟಿ ಓದಿ ಹೇಳಿ. ಆಶಾ ಅಕ್ಕನನ್ನು ಕರೆಸಿ ಅವರಿಂದಲೂ ಹೇಳಿಸಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಆಟೋದಲ್ಲಿ ಹೋಗಿ. ಒಂದು ಬೆಳಗ್ಗೆ ಸಾಕು.

ನಾಳೆ ತರಗತಿಗೆ ಬರುವಾಗ ಎಲ್ಲರೂ ತಾಯಿ ಕಾರ್ಡ್ ತನ್ನಿ. ಮಕ್ಕಳು ದೊಡ್ಡವರಾಗಿದ್ದರೂ ತನ್ನಿ. ಬೀದಿಯಲ್ಲಿ ಬಸುರಿಯರು ಇದ್ದರೆ ಕರಕೊಂಡು ಬನ್ನಿ. ತೂಕ ಎಲ್ಲಿ, ವಾರ ಎಲ್ಲಿ, ತಾರೀಖು ಎಲ್ಲಿ ಅಂತ ಬೆರಳಿಟ್ಟು ಓದೋಣ. ಆ ತಾಯಿಯೂ ಬರ್ತೀನಿ ಅಂದಿದ್ದಾರೆ. ಅವರೇ ತೋರಿಸಿಕೊಡ್ತಾರೆ.