ರಕ್ತದ ಕ್ಯಾನ್ಸರ್ ಪತ್ತೆಗೆ ಕಂಪ್ಯೂಟರ್ ನೆರವು
(ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಡಾಕ್ಟರ ವಿಷಯ ಇವನಿಗೇಕೆ ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲೇ ಆದದ್ದರಿಂದ ಹೇಳುತ್ತಿದ್ದೇನೆ. ನನ್ನ ತಮ್ಮನಿಗೆ ಸುಸ್ತು, ಮೈ ಇಳಿಯುವುದು, ಎಡಪಕ್ಕೆಯ ಕೆಳಗೆ ಭಾರ. ಬಿಸಿಲಲ್ಲಿ ದುಡಿದದ್ದಕ್ಕೆ ಅಂತ ನಾಲ್ಕು ತಿಂಗಳು ಸುಮ್ಮನಿದ್ದೆವು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಮಿತಿಮೀರಿತ್ತು.

ರಕ್ತದ ಕ್ಯಾನ್ಸರ್ ಒಂದೇ ಅಲ್ಲ, ಹತ್ತಾರು ಬಗೆ. ಬಗೆ ತಪ್ಪಿದರೆ ಔಷಧಿಯೂ ತಪ್ಪುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಗಾಜಿನ ಮೇಲೆ ಸವರಿದ ರಕ್ತವನ್ನು ಯಂತ್ರ ಫೋಟೋ ತೆಗೆದು, ಕಣಗಳನ್ನು ಬಗೆವಾರು ವಿಂಗಡಿಸಿ ಕಂಪ್ಯೂಟರಿನಲ್ಲಿ ತೋರಿಸಿತು. ಡಾಕ್ಟರು ಒಂದೊಂದನ್ನೂ ನೋಡಿ, ತಪ್ಪಿದ್ದನ್ನು ತಿದ್ದಿದರು. ನಮ್ಮ ಡೇರಿಯಲ್ಲಿ ಯಂತ್ರ ಫ್ಯಾಟ್ ತೋರಿಸಿದರೂ ಸ್ಯಾಂಪಲ್ ಸರಿಯಿದೆಯೇ ಅಂತ ಟೆಸ್ಟರ್ ನೋಡಬೇಕಲ್ಲವೇ, ಹಾಗೆ.

ತಮ್ಮನದು ಸಿ.ಎಂ.ಎಲ್. ಎಂಬ ಬಗೆ. 9 ಮತ್ತು 22ನೇ ವರ್ಣತಂತುಗಳ ತುಂಡು ಅದಲುಬದಲಾಗಿ ಬರುವ ಕಾಯಿಲೆ. ಜೀನ್ ಪರೀಕ್ಷೆ ಮಾಡಿ ಖಚಿತಪಡಿಸಿದರು. ಇದಕ್ಕೆ 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮಾಟಿನಿಬ್ ಮಾತ್ರೆ ಇದೆ. ಅದನ್ನು ದಿನಾ ತಪ್ಪದೆ ನುಂಗುತ್ತಾ ತಮ್ಮ ಈಗ ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದಾನೆ.

ಯಂತ್ರ ಎಷ್ಟೇ ಚುರುಕಾಗಿರಲಿ, ನಾವು ಹೋಗಿ ರಕ್ತ ಕೊಡದಿದ್ದರೆ ಅದೇನು ಮಾಡೀತು? ವಾರಗಟ್ಟಲೆ ಸುಸ್ತು, ಬಿಡದ ಜ್ವರ, ಒಸಡಿನಲ್ಲಿ ರಕ್ತ ಕಂಡರೆ ಪರೀಕ್ಷೆ ಮಾಡಿಸಿ. ನಾವು ಕಳೆದ ನಾಲ್ಕು ತಿಂಗಳನ್ನು ನೀವು ಕಳೆಯಬೇಡಿ.

ಜೈ ಸಹಕಾರ.