ಸೂರ್ಯ ಸಿಡಿಯುವ ಮೊದಲು, ಒಟ್ಟಿಗೆ ಕೂತು



ಈ ಉಪನ್ಯಾಸ ಮಾಲೆಯಲ್ಲಿ ಕಾವ್ಯ, ನಾಟಕ, ಸಿನಿಮಾಗಳ ಬಗ್ಗೆ ಒಳ್ಳೆಯ ಮಾತುಗಳನ್ನು ಕೇಳಿದ್ದೀರಿ. ಇವತ್ತು ನಾನು ಒಂದು ವಿಡಿಯೋ ಗೇಮ್ ಬಗ್ಗೆ ಮಾತನಾಡುತ್ತೇನೆ. ವಿಡಿಯೋ ಗೇಮ್ ಎಂದ ಕೂಡಲೇ ಬಾಗಿಲು ಹಾಕಿಕೊಂಡು ಒಬ್ಬನೇ ಕೂತ ಹುಡುಗ, ಗುಂಡಿನ ಸದ್ದು, ಊಟಕ್ಕೆ ಕರೆದರೂ ಏಳದ ಹಟ ನಮ್ಮ ಕಣ್ಣ ಮುಂದೆ ಬರುತ್ತವೆ. ನಾನು ಹೇಳಲಿರುವ ಆಟದಲ್ಲಿ ಬಂದೂಕಿಲ್ಲ, ಕೊಲ್ಲಬೇಕಾದ ಶತ್ರುವಿಲ್ಲ, ಅಂಕ ಇಲ್ಲ, ಗೆದ್ದು ತರುವ ಕತ್ತಿ ಗುರಾಣಿಗಳೂ ಇಲ್ಲ. ಅಲ್ಲಿ ಒಂದು ಸೌರವ್ಯೂಹ ಇದೆ. ಅದರಲ್ಲಿ ಬಹಳ ಹಿಂದೆ ಏನೋ ನಡೆದಿದೆ. ಅದೇನೆಂದು ತಿಳಿದುಕೊಳ್ಳುವುದೇ ಆಟ. ಹೆಸರು ‘ಔಟರ್ ವೈಲ್ಡ್ಸ್’.

ಇದನ್ನು ಮಾಡಿದವರು ಒಬ್ಬರೇ ಆಡಲಿ ಎಂದು ಮಾಡಿದ್ದಾರೆ. ಪರದೆಯ ಮೇಲೆ ಪಾತ್ರ ಒಂದೇ, ಕೈಯಲ್ಲಿ ಕಂಟ್ರೋಲರ್ ಒಂದೇ. ಆದರೂ ಮೂರು ನಾಲ್ಕು ಜನ ಒಟ್ಟಿಗೆ ಕೂತು ಆಡಿದಾಗಲೇ ಈ ಆಟ ಪೂರ್ತಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ವಾದ. ಆ ವಾದಕ್ಕೆ ಆಧಾರ ಆಟದ ಕಥೆಯೊಳಗೇ ಇದೆ.

ಇದು ಹುಟ್ಟಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ. ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪದವಿಯ ಪ್ರಾಜೆಕ್ಟ್ ಆಗಿ ಇದನ್ನು ಶುರು ಮಾಡಿದ, ಜೊತೆಗೆ ಸಹಪಾಠಿಗಳಿದ್ದರು. ಇನ್ನೂ ಅರೆಬರೆಯಾಗಿದ್ದಾಗಲೇ, 2015ರಲ್ಲಿ, ಸ್ವತಂತ್ರ ಗೇಮ್‌ಗಳ ಉತ್ಸವದಲ್ಲಿ ಅದಕ್ಕೆ ಅತ್ಯುನ್ನತ ಬಹುಮಾನ ಬಂತು. ‘ಹೀರೋಸ್’ ಧಾರಾವಾಹಿಯ ನಟ ಮಾಸಿ ಓಕಾ ಸ್ಥಾಪಿಸಿದ ಮೊಬಿಯಸ್ ಡಿಜಿಟಲ್ ಎಂಬ ಪುಟ್ಟ ಸಂಸ್ಥೆ ಈ ಹುಡುಗರನ್ನು ಸೇರಿಸಿಕೊಂಡು ಆಟವನ್ನು ಪೂರ್ಣಗೊಳಿಸಿತು. 2019ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದನ್ನು ವರ್ಷದ ಅತ್ಯುತ್ತಮ ಗೇಮ್ ಎಂದು ಆರಿಸಿತು. ಮಾತುಗಳನ್ನು ಬರೆದವರಲ್ಲಿ ಮುಖ್ಯರು ಅಲೆಕ್ಸ್‌ನ ಸಹೋದರಿ ಕೆಲ್ಸಿ ಬೀಚಮ್. ಸಂಗೀತ ಆಂಡ್ರ್ಯೂ ಪ್ರಾಲೋ ಅವರದು. ಚರಿತ್ರೆ ಇಷ್ಟು ಸಾಕು.

ಇನ್ನು ಕಥೆ. ಮೊದಲ ಅರ್ಧ ಗಂಟೆಯಲ್ಲಿ ಎಲ್ಲರಿಗೂ ತಿಳಿಯುವಷ್ಟನ್ನು ಹೇಳುತ್ತೇನೆ. ಅದರಾಚೆಗೆ ಹೇಳುವಾಗ ಎಚ್ಚರಿಕೆಯಿಂದ ಇರುತ್ತೇನೆ. ಈ ಆಟದಲ್ಲಿ ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದೆಂದರೆ ಆಡುವವರಿಂದ ಅದನ್ನು ಕಿತ್ತುಕೊಂಡ ಹಾಗೆ.

ಟಿಂಬರ್ ಹಾರ್ತ್ ಎಂಬ ಪುಟ್ಟ ಗ್ರಹದ ಹಳ್ಳಿಯಲ್ಲಿ, ಉರಿಯುವ ಬೆಂಕಿಯ ಪಕ್ಕ, ರಾತ್ರಿಯ ಆಕಾಶ ನೋಡುತ್ತ ನೀವು ಕಣ್ಣು ಬಿಡುತ್ತೀರಿ. ಆ ಊರಿನ ಜನಕ್ಕೆ ನಾಲ್ಕು ಕಣ್ಣು. ಮರದ ಹಲಗೆಗಳಿಂದ ಅಂತರಿಕ್ಷ ನೌಕೆ ಕಟ್ಟುವ ಸಾಹಸಿಗಳು ಅವರು. ಇವತ್ತು ನಿಮ್ಮ ಮೊದಲ ಹಾರಾಟ. ವೀಕ್ಷಣಾಲಯಕ್ಕೆ ಹೋಗಿ ನೌಕೆ ಹಾರಿಸುವ ಗುಪ್ತ ಸಂಖ್ಯೆ ಪಡೆದು ಹೊರಟರೆ ಮುಗಿಯಿತು, ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ನೀವು ಸುತ್ತುತ್ತೀರಿ. ಸುಮಾರು 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತದೆ. ನೀಲಿ ಬೆಳಕು ಎಲ್ಲವನ್ನೂ ನುಂಗುತ್ತದೆ. ಮತ್ತೆ ಅದೇ ಬೆಂಕಿಯ ಪಕ್ಕ ಕಣ್ಣು ಬಿಡುತ್ತೀರಿ. ಹಳ್ಳಿಯವರಿಗೆ ಏನೂ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಅಲ್ಲಿಂದ ಮುಂದೆ ನಿಮ್ಮ ಜೊತೆ ಉಳಿಯುವುದು ತಿಳಿವಳಿಕೆ ಮಾತ್ರ. ನೌಕೆಗೆ ಹೆಚ್ಚಿನ ಬಲ ಬರುವುದಿಲ್ಲ, ಹೊಸ ಆಯುಧ ಸಿಗುವುದಿಲ್ಲ. ಆಟ ಮುಗಿಸಿದವರ ಕೈಯಲ್ಲಿರುವ ಸಲಕರಣೆಗಳೆಲ್ಲ ಮೊದಲ ಸುತ್ತಿನಲ್ಲೇ ನಿಮ್ಮ ಕೈಯಲ್ಲೂ ಇವೆ. ದಾರಿ ಎಲ್ಲಿದೆ, ಯಾವ ಹೊತ್ತಿಗೆ ತೆರೆಯುತ್ತದೆ ಎಂಬುದು ಗೊತ್ತಿಲ್ಲ, ಅಷ್ಟೆ. ತಿಳಿವಳಿಕೆಯೊಂದನ್ನೇ ಬಂಡವಾಳ ಮಾಡಿಕೊಂಡು ನಡೆಯುವ ಇಂಥ ಆಟವನ್ನು ನಾನು ಬೇರೆ ಕಂಡಿಲ್ಲ. ತಿಳಿವಳಿಕೆಯನ್ನು ಪಕ್ಕದಲ್ಲಿ ಕೂತವರೂ ತರಬಹುದು. ಕಂಟ್ರೋಲರ್ ಹಿಡಿದವರ ಬೆರಳಿನ ಚುರುಕಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಮನೆಯಲ್ಲಿ ಇದನ್ನು ಆಡಿದ್ದು ನನ್ನ ಅಣ್ಣನ ಮಗಳು. ಸೋಫಾದ ಮೇಲೆ ನಾನು, ನನ್ನ ತಾಯಿ, ಪಕ್ಕದ ಮನೆಯ ನಿವೃತ್ತ ಭೌತಶಾಸ್ತ್ರ ಮೇಷ್ಟರು. ಸೂರ್ಯ ಮೊದಲ ಸಲ ಸಿಡಿದಾಗ ಮೇಷ್ಟರು ಒಪ್ಪಲಿಲ್ಲ. “ನಮ್ಮ ಸೂರ್ಯ ಹೀಗೆ ಸಿಡಿಯೋದಿಲ್ಲಮ್ಮ. ಅದಕ್ಕೆ ಅಷ್ಟು ದ್ರವ್ಯರಾಶಿ ಇಲ್ಲ” ಎಂದರು. ನಕ್ಷತ್ರವೊಂದು ಹಾಗೆ ಸಿಡಿದು ಸಾಯಬೇಕಾದರೆ ಅದು ನಮ್ಮ ಸೂರ್ಯನ ಸುಮಾರು ಎಂಟು ಪಟ್ಟಾದರೂ ಭಾರ ಇರಬೇಕು; ನಮ್ಮದು ಸುಮಾರು 500 ಕೋಟಿ ವರ್ಷಗಳ ನಂತರ ಉಬ್ಬಿ ಕೆಂಪು ದೈತ್ಯವಾಗಿ, ಹೊರಪದರ ಕಳಚಿ, ಬಿಳಿ ಕುಬ್ಜವಾಗಿ ಉಳಿಯುತ್ತದೆ ಎಂದು ವಿವರಿಸಿದರು. ಹುಡುಗಿ ಕೇಳಿದಳು: “ಹಾಗಾದ್ರೆ ಅಂಕಲ್, ಇದು ಯಾಕೆ ಸಿಡೀತು?” ಮೇಷ್ಟರು ಸುಮ್ಮನಾದರು. ಸೋಫಾದ ಅಂಚಿಗೆ ಸರಿದು ಕೂತರು. ಆಕ್ಷೇಪವಾಗಿ ಶುರುವಾದ ಮಾತು ಇಡೀ ಆಟದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಯಿತು. ಪಾಠ ಹೇಳುವವರೂ ಕೇಳುವವರೂ ಉತ್ತರ ಗೊತ್ತಿಲ್ಲದೆ ಒಂದೇ ಕಡೆ ಮುಖ ಮಾಡಿ ಕೂರುವ ಸನ್ನಿವೇಶ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಎಷ್ಟು ಅಪರೂಪ ಎಂಬುದನ್ನು ನೀವು ಬಲ್ಲಿರಿ.

ನನ್ನ ತಾಯಿ ಕಂಟ್ರೋಲರ್ ಮುಟ್ಟಲಿಲ್ಲ. ಆ ಸೌರವ್ಯೂಹದಲ್ಲಿ ಒಂದನ್ನೊಂದು ಸುತ್ತುವ ಅವಳಿ ಗ್ರಹಗಳಿವೆ: ಆಶ್ ಟ್ವಿನ್, ಎಂಬರ್ ಟ್ವಿನ್. ಒಂದರ ಮೇಲಿನ ಮರಳು ಕಂಬದ ಹಾಗೆ ಮೇಲೆದ್ದು ಇನ್ನೊಂದರ ಮೇಲೆ ಸುರಿಯುತ್ತಲೇ ಇರುತ್ತದೆ. ಹುಡುಗಿ ಎರಡನೆಯದರ ಗುಹೆಗಳಿಗೆ ಇಳಿದಾಗಲೆಲ್ಲ ಮರಳು ಏರಿ ಬಂದು ದಾರಿ ಮುಚ್ಚಿಬಿಡುತ್ತಿತ್ತು. ಅಮ್ಮ ಹೇಳಿದರು: “ಇದಕ್ಕೆ ಎದ್ದ ತಕ್ಷಣ ಹೋಗು ಪುಟ್ಟಿ. ಅದಕ್ಕೆ ಕೊನೇಲಿ ಹೋಗು. ಮರಳು ಖಾಲಿಯಾದ ಮೇಲೆ ಅದರಡಿ ಏನಿದೆಯೋ ಕಾಣುತ್ತಲ್ಲ.” ಹುಡುಗಿ ತಿರುಗಿ ನೋಡಿ “ಅಜ್ಜೀ!” ಎಂದು ಕೂಗಿದಳು. ಯಾವ ಹೊತ್ತಿಗೆ ಯಾವ ಕೆಲಸ ಎಂದು ಜೀವನಪೂರ್ತಿ ಲೆಕ್ಕ ಹಾಕಿ ಮನೆ ನಡೆಸಿದವರಿಗೆ ಇದು ತಟ್ಟನೆ ಹೊಳೆಯಿತು. ಅಂದಿನಿಂದ ಹೊರಡುವ ಮೊದಲು ವೇಳೆ ಕೇಳುವುದು ಅಮ್ಮನನ್ನೇ.

ಆಟ ಇಂಗ್ಲಿಷಿನಲ್ಲಿದೆ. ಭಾರತದ ಯಾವ ಭಾಷೆಯಲ್ಲೂ ಇಲ್ಲ. ಹಾಗಾಗಿ ಪರದೆಯ ಮೇಲೆ ಬಂದದ್ದನ್ನು ಹುಡುಗಿ ಓದುತ್ತಿದ್ದಳು, ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ, ಅದರ ಮೇಲೆ ಚರ್ಚೆಯಾಗುತ್ತಿತ್ತು. ಗಮಕ ಕೇಳಿ ಬೆಳೆದವರಿಗೆ ಈ ಏರ್ಪಾಡು ಹೊಸದಲ್ಲ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ, ಸಭೆ ಎರಡನ್ನೂ ಕೂಡಿಸಿಕೊಂಡು ಕಾವ್ಯವನ್ನು ತನ್ನದಾಗಿಸಿಕೊಳ್ಳುತ್ತದೆ. ಒಬ್ಬರೇ ಆಡಿದ್ದರೆ ಸರಸರ ಓದಿ ದಾಟಿಬಿಡುತ್ತಿದ್ದ ಎಷ್ಟೋ ಮಾತುಗಳು ನಮ್ಮಲ್ಲಿ ನಿಂತದ್ದು, ಅವನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದರಿಂದ.

ಹೀಗೆ ಬಾಯಿಬಿಟ್ಟು ಹೇಳುತ್ತಿದ್ದ ಮಾತುಗಳು ಯಾರವು? ಆ ಸೌರವ್ಯೂಹಕ್ಕೆ ಬಹಳ ಹಿಂದೆ ನೊಮಾಯ್ ಎಂಬ ಜನ ಬಂದಿದ್ದರು. ಈಗ ಯಾರೂ ಇಲ್ಲ. ಅವರ ಪಾಳು ಊರುಗಳಿವೆ, ಗೋಡೆಗಳ ಮೇಲೆ ಅವರ ಬರಹವಿದೆ. ಬರಹ ಸುರುಳಿಯಾಕಾರದ್ದು. ಒಬ್ಬರು ಒಂದು ಸುರುಳಿ ಬರೆದರೆ, ಉತ್ತರ ಕೊಡುವವರು ಅದರಿಂದಲೇ ಇನ್ನೊಂದು ಸುರುಳಿ ತೆಗೆಯುತ್ತಾರೆ. ಮೂರನೆಯವರು ಬೇರೆ ಕೊಂಬೆ ಹಿಡಿಯುತ್ತಾರೆ. ಹಾಗಾಗಿ ಗೋಡೆಯ ಮೇಲೆ ನಾವು ಓದುವುದು ಒಂದು ಸಂಭಾಷಣೆಯನ್ನು. ವಿಜ್ಞಾನಿಗಳು ವಾದ ಮಾಡುತ್ತಾರೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಾರೆ, ತಮಾಷೆ ಮಾಡುತ್ತಾರೆ, ಮಕ್ಕಳು ಆಟದ ಸುದ್ದಿ ಬರೆಯುತ್ತಾರೆ. ಅವರು ಹುಡುಕುತ್ತಿದ್ದ ದೊಡ್ಡ ಸಂಗತಿ ಒಬ್ಬ ಮಹಾಮೇಧಾವಿಯ ತಲೆಯಲ್ಲಿ ಹೊಳೆದದ್ದಲ್ಲ. ಗ್ರಹದಿಂದ ಗ್ರಹಕ್ಕೆ, ಗೋಡೆಯಿಂದ ಗೋಡೆಗೆ, ಕೈಯಿಂದ ಕೈಗೆ ಬೆಳೆದದ್ದು. ಅದನ್ನು ನಾವು ನಾಲ್ಕು ಜನ ಸೋಫಾದ ಮೇಲೆ ಕೂತು, ಒಬ್ಬರ ಊಹೆಯನ್ನು ಇನ್ನೊಬ್ಬರು ಮುರಿಯುತ್ತ ಓದುತ್ತಿದ್ದೆವು. ಆ ಜನ ಹೇಗೆ ಯೋಚಿಸುತ್ತಿದ್ದರೋ ಹಾಗೆಯೇ ಯೋಚಿಸಿ ಅವರನ್ನು ಅರ್ಥ ಮಾಡಿಕೊಳ್ಳುತ್ತಿದ್ದೆವು. ಒಟ್ಟಿಗೆ ಆಡುವುದು ಈ ಕಥೆಗೆ ಸಹಜ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ವಿವರ ಸೇರಿಸುತ್ತೇನೆ. ನಿಮಗಿಂತ ಮೊದಲು ಊರಿನಿಂದ ಹೊರಟ ಐದು ಜನ ಪ್ರಯಾಣಿಕರು ಬೇರೆ ಬೇರೆ ಕಡೆ ಇದ್ದಾರೆ. ಒಬ್ಬರು ಬ್ಯಾಂಜೊ ನುಡಿಸುತ್ತಾರೆ, ಒಬ್ಬರದು ಕೊಳಲು, ಒಬ್ಬರದು ಚರ್ಮವಾದ್ಯ, ಒಬ್ಬರದು ಹಾರ್ಮೋನಿಕಾ, ಚಂದ್ರನ ಮೇಲಿರುವವರು ಸುಮ್ಮನೆ ಸಿಳ್ಳೆ ಹಾಕುತ್ತಾರೆ. ನಿಮ್ಮ ಹತ್ತಿರ ದೂರದ ಸದ್ದನ್ನು ಹಿಡಿಯುವ ಒಂದು ಸಾಧನವಿದೆ. ಆಯಾ ಗ್ರಹದ ಕಡೆ ಹಿಡಿದರೆ ಆಯಾ ವಾದ್ಯ ಕೇಳುತ್ತದೆ. ಸೌರವ್ಯೂಹದ ಅಂಚಿಗೆ ಹೋಗಿ ಎಲ್ಲವೂ ಒಂದೇ ದಿಕ್ಕಿಗೆ ಬರುವಂತೆ ತಿರುಗಿಸಿದರೆ ಐದೂ ಸೇರಿ ಒಂದೇ ಹಾಡಾಗುತ್ತದೆ. ಅವರು ಪರಸ್ಪರ ಕೇಳಿಸಿಕೊಳ್ಳಲಾರದಷ್ಟು ದೂರದಲ್ಲಿದ್ದೂ ಒಂದೇ ರಾಗದ ಭಾಗಗಳನ್ನು ನುಡಿಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಕಂಡುಹಿಡಿದದ್ದು ಸಂಗೀತ ಬಲ್ಲ ಮೇಷ್ಟರ ಕಿವಿ. ಪರದೆಯನ್ನೇ ನೋಡುತ್ತಿದ್ದ ನಮಗೆ ಅದು ಹಿನ್ನೆಲೆ ಸಂಗೀತ ಅಷ್ಟೇ ಆಗಿತ್ತು.

ಈಗ ಆಡುವ ರೀತಿಯ ಬಗ್ಗೆ ಕೆಲವು ಮಾತು, ಏಕೆಂದರೆ ನಿಮ್ಮಲ್ಲಿ ಕೆಲವರಾದರೂ ಆಡಬೇಕು ಎಂಬುದು ನನ್ನ ಆಸೆ. ನೌಕೆ ನಡೆಸುವುದು ಮೊದಲಿಗೆ ಕಷ್ಟ. ಇಲ್ಲಿ ಗ್ರಹಗಳು ನಿಜವಾಗಿಯೂ ಚಲಿಸುತ್ತಿರುತ್ತವೆ, ನೀವೇ ತಡೆಯದಿದ್ದರೆ ನೌಕೆ ಹೋಗುತ್ತಲೇ ಇರುತ್ತದೆ. ನ್ಯೂಟನ್ನನ ಮೊದಲ ನಿಯಮ ಬೆರಳಿಗೆ ತಾಗುತ್ತದೆ. ತಾನಾಗಿ ಗುರಿ ಮುಟ್ಟಿಸುವ ಆಟೊಪೈಲಟ್ ಇದೆ, ಆದರೆ ನಡುವೆ ಸೂರ್ಯ ಅಡ್ಡ ಇದೆಯೇ ಎಂದು ಅದು ನೋಡುವುದಿಲ್ಲ. ಅದನ್ನು ನೋಡುವ ಕೆಲಸ ಸೋಫಾದವರದು. ಸೂರ್ಯ ಸಿಡಿದಾಗಲೆಲ್ಲ ಕಂಟ್ರೋಲರ್ ಕೈ ಬದಲಾಯಿಸಬಹುದು, 22 ನಿಮಿಷ ಒಬ್ಬರ ಸರದಿಗೆ ಚೆನ್ನಾಗಿ ಹೊಂದುತ್ತದೆ. ಕಂಡದ್ದನ್ನೆಲ್ಲ ನೌಕೆಯ ಗಣಕ ಗೆರೆ ಎಳೆದು ಜೋಡಿಸಿ ಇಡುತ್ತದೆ, ಆದರೂ ಒಂದು ನೋಟ್‌ಬುಕ್ ಇರಲಿ. ಗಣಕ ನಿಮ್ಮ ಊಹೆಗಳನ್ನು ಬರೆದಿಡುವುದಿಲ್ಲ. ಡಾರ್ಕ್ ಬ್ರಾಂಬಲ್ ಎಂಬ ಮಂಜಿನ ಜಾಗದಲ್ಲಿ ಭಾರಿ ಮೀನುಗಳಿವೆ, ಚಿಕ್ಕ ಮಕ್ಕಳು ಹೆದರುತ್ತಾರೆ. 2021ರಲ್ಲಿ ಬಂದ ‘ಎಕೋಸ್ ಆಫ್ ದಿ ಐ’ ಎಂಬ ಹೆಚ್ಚುವರಿ ಭಾಗ ಇನ್ನೂ ಹೆಚ್ಚು ಕತ್ತಲೆಯದು. ಭಯದ ಭಾಗಗಳನ್ನು ತಗ್ಗಿಸುವ ಸೌಲಭ್ಯವನ್ನು ಅದರಲ್ಲಿ ಕೊಟ್ಟಿದ್ದಾರೆ.

ಕೊನೆಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಆಟವನ್ನು ಒಬ್ಬರು ಒಂದೇ ಸಲ ಆಡಬಹುದು. ಎರಡನೆಯ ಸಲ ಕೂತಾಗ ನೌಕೆ ಅದೇ, ಗ್ರಹಗಳು ಅವೇ, ಆದರೆ ಹುಡುಕುವುದಕ್ಕೆ ಏನೂ ಉಳಿದಿರುವುದಿಲ್ಲ, ಎಲ್ಲ ಗೊತ್ತು. ಪ್ರಪಂಚದಾದ್ಯಂತ ಇದನ್ನು ಮುಗಿಸಿದವರು ಹೊಸಬರು ಆಡುವುದನ್ನು ಗಂಟೆಗಟ್ಟಲೆ ಕೂತು ನೋಡುತ್ತಾರೆ, ವಿಡಿಯೋಗಳಲ್ಲಿಯೂ ನೋಡುತ್ತಾರೆ. ಆ ಮೊದಲ ಬೆರಗಿನ ಹತ್ತಿರ ಮತ್ತೊಮ್ಮೆ ಹೋಗಲು ಅವರಿಗೆ ಇರುವ ದಾರಿ ಇದೊಂದೇ. ಹಾಗೆ ಪಕ್ಕದಲ್ಲಿ ಕೂರುವವರಿಗೆ ಒಂದು ಶಿಸ್ತು ಬೇಕು. ಬಾಯಿ ಬಿಡಬಾರದು. ಸರಿಯಾದ ಬಾಗಿಲ ಕಡೆ ಕಣ್ಣು ಹಾಯಿಸಬಾರದು. ಆಡುವವರು ಉತ್ತರದ ಪಕ್ಕದಲ್ಲೇ ಹಾದುಹೋದಾಗ ಅಯ್ಯೋ ಎನ್ನಬಾರದು. ತಪ್ಪು ಊಹೆಯನ್ನು ಅವರೇ ಕಟ್ಟಲಿ, ಅವರೇ ಕೆಡವಲಿ. ಇದು ಕಷ್ಟ. ಗೊತ್ತಿರುವುದನ್ನು ಹೇಳಿಬಿಡುವುದನ್ನೇ ಪ್ರೀತಿ ಎಂದುಕೊಂಡು ಬೆಳೆದವರು ನಾವು. ಮಗು ಲೆಕ್ಕ ಮಾಡುತ್ತಿದ್ದರೆ ಪೆನ್ಸಿಲ್ ಕಿತ್ತುಕೊಂಡು ಉತ್ತರ ಬರೆಯುತ್ತೇವೆ. ನನ್ನ ಅಣ್ಣನ ಮಗಳು ಆಟ ಮುಗಿಸಿದ ಮೇಲೆ ತನ್ನ ಗೆಳತಿಯನ್ನು ಕರೆತಂದು ಕೂರಿಸಿ, ಕಂಟ್ರೋಲರ್ ಅವಳ ಕೈಗೆ ಕೊಟ್ಟಳು. ಗೆಳತಿ ಮರಳಿನ ಗುಹೆಯಲ್ಲಿ ಸಿಕ್ಕಿಕೊಂಡು ಸಲಹೆ ಕೇಳಿದಾಗ, ಹದಿನೈದು ವರ್ಷದ ಆ ಹುಡುಗಿ “ನಿಂಗೆ ಏನನ್ಸುತ್ತೆ?” ಎಂದಷ್ಟೇ ಕೇಳಿ ಸುಮ್ಮನೆ ಕೂತಳು. ಅಷ್ಟು ಸಂಯಮ ನಾನು ದೊಡ್ಡವರಲ್ಲಿ ಹೆಚ್ಚು ನೋಡಿಲ್ಲ.

ಬಂಧುಗಳೆ, ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು, ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ಈ ಆಟವನ್ನೇ ಆಡುವುದಾದರೆ ಇಂಟರ್‌ನೆಟ್ಟಿನಲ್ಲಿ ಉತ್ತರ ಹುಡುಕಬೇಡಿ. ಸಿಕ್ಕಿಹಾಕಿಕೊಂಡರೆ ಎದ್ದು ಬೇರೆ ಗ್ರಹಕ್ಕೆ ಹೋಗಿ, ಇಲ್ಲವೇ ಮಲಗಿ ಮರುದಿನ ಬನ್ನಿ. ಇಂಗ್ಲಿಷ್ ಬಲ್ಲವರು ಗಟ್ಟಿಯಾಗಿ ಓದಿ, ಬಾರದವರಿಗೆ ಕನ್ನಡದಲ್ಲಿ ಹೇಳಿ. ಮುಗಿದ ಮೇಲೆ, ಇನ್ನೂ ಆಡದವರ ಮುಂದೆ ಅಂತ್ಯವನ್ನು ದಯವಿಟ್ಟು ಹೇಳಬೇಡಿ.